ಏಳನೆಯ ಚುಕ್ಕಿ

ಬಿಳಿ ಸಿಲಿಕಾ ಬಳಿದ ಗಾಜಿನ ಬಿಲ್ಲೆ.
ಕೆಳಗಂಚಿನಿಂದ ಬೆರಳಗಲ ಮೇಲೆ ಪೆನ್ಸಿಲಿನ ಗೆರೆ.
ಗೆರೆಯುದ್ದಕ್ಕೂ, ಕೂದಲೆಳೆಯ ನಳಿಕೆಯಿಂದ
ಎಂಟು ಚುಕ್ಕಿ ಇಟ್ಟೆ, ಉಸಿರು ಬಿಗಿಹಿಡಿದು,
ಅಜ್ಜಿ ಬಾಟಿಕ್ ಬಟ್ಟೆಗೆ ಬಿಸಿಮೇಣ ಇಡುತ್ತಿದ್ದ ಹಾಗೆ.
ಆರು ನಿನ್ನ ಸೀಸೆಗಳವು, ಪೈಕೆಮ್ ಅಮ್ಮ.
ಏಳನೆಯದು ಆ ಪೊಟ್ಟಣದ್ದು.
ಎಂಟನೆಯದು ನಮ್ಮ ಕಪಾಟಿನದು, ಹೆಸರು ಆಮೇಲೆ ಹೇಳುತ್ತೇನೆ.

ಸೆಮರಾಂಗಿನಲ್ಲಿ ಮಧ್ಯಾಹ್ನ ಎರಡು. ಏಸಿ ಕೆಟ್ಟಿದೆ.
ಸಮುದ್ರದ ನೀರು ಮತ್ತೆ ಬೀದಿಗೆ ಬಂದು
ಗೇಟಿನ ಬಳಿ ಕಾವಲುಗಾರ ಸುವೊಂದೊ
ಪ್ಯಾಂಟು ಮಡಚಿ, ಚಪ್ಪಲಿ ಕೈಯಲ್ಲಿ ಹಿಡಿದು ನಿಂತಿದ್ದಾನೆ.
ಬಿಲ್ಲೆಯನ್ನು ಜಾಡಿಗಿಳಿಸಿ ಮುಚ್ಚಳ ಮುಚ್ಚಿದೆ.
ತಳದಲ್ಲಿ ಕ್ಲೋರೋಫಾರ್ಮು, ಚೂರು ಮೆಥನಾಲು.
ದ್ರವ ಹತ್ತತೊಡಗಿತು, ಬತ್ತಿಗೆ ಎಣ್ಣೆ ಏರುವ ಹಾಗೆ,
ಯಾರೂ ನೂಕದೆ, ಯಾರೂ ಎಳೆಯದೆ.

ಸಿಲಿಕಾವನ್ನು ತಬ್ಬಿದ್ದು ಕೆಳಗೇ ಉಳಿಯುತ್ತದೆ,
ದ್ರವಕ್ಕೆ ಒಲಿದದ್ದು ಅದರ ಜತೆ ಹೊರಡುತ್ತದೆ.
ಇಪ್ಪತ್ತು ವರ್ಷದಿಂದ ನೋಡುತ್ತಿದ್ದೇನೆ,
ಇಷ್ಟು ಸದ್ದಿಲ್ಲದೆ ಪಾಲಾಗುವ ಮನೆಯನ್ನು
ಬೇರೆಲ್ಲೂ ಕಂಡಿಲ್ಲ.

ನೀನು ಬರುತ್ತಿದ್ದುದು ಬೆಳಗಿನ ಅಜಾನ್ ಮುಗಿದ ಮೇಲೆ,
ಬೆನ್ನಿಗೆ ಬುಟ್ಟಿ, ಬುಟ್ಟಿಯ ತುಂಬ ಜಾಮು,
ಸೀಸೆಗಳಿಗೆ ಬಾಳೆಲೆಯ ಬಿರಡೆ.
ಕೂಗಿದ್ದು ನೆನಪಿಲ್ಲ.
ಸೀಸೆಗಳೇ ಒಂದಕ್ಕೊಂದು ತಾಗಿ ನಿನ್ನ ಬರವು ಹೇಳುತ್ತಿದ್ದವು.
ನನಗೆ ಅಕ್ಕಿ-ಕಚೋರದ ಸಿಹಿ,
ಅಮ್ಮನಿಗೆ ಅರಿಶಿನ-ಹುಣಸೆ,
ಬಂದರಿನಲ್ಲಿ ಮೂಟೆ ಹೊರುವ ಕಾರ್ಮಿನ್‌ಗೆ
ಮುಖ ಕಿವುಚುವ ಕಹಿಬಳ್ಳಿ.
ಲೋಟ ತೊಳೆಯುವಾಗ ನಿನ್ನ ಬೆರಳೆಲ್ಲ ಹಳದಿ.

ಬಿಲ್ಲೆ ತೆಗೆದು ಒಣಗಿಸಿ ಕತ್ತಲೆಕೋಣೆಗೆ ಒಯ್ದೆ.
ಉದ್ದ ಅಲೆಯ ದೀಪದಡಿ ನಿನ್ನ ಅರಿಶಿನ
ಮೂರು ಹಳದಿ ಮೆಟ್ಟಿಲಾಗಿ ಹೊತ್ತಿಕೊಂಡಿತು,
ಅಕ್ಕತಂಗಿಯರು, ಎತ್ತರದಲ್ಲಷ್ಟೇ ಬೇರೆ.
ಶುಂಠಿ ತನ್ನ ಜಾಗದಲ್ಲಿ, ಕಚೋರ ತನ್ನ ಜಾಗದಲ್ಲಿ.
ಆರು ಸೀಸೆಯೂ ತಾಯಾಣೆ ಶುದ್ಧ.
ನಕ್ಕೆ, ಒಬ್ಬಳೇ.

ಆಮೇಲೆ ದೀಪ ಬದಲಿಸಿದೆ.
ಹಸಿರು ಹೊಳಪಿನ ನಡುವೆ, ಏಳನೆಯ ಸಾಲಿನಲ್ಲಿ
ಒಂದು ಕಪ್ಪು ಕಲೆ.
ಎಂಟನೆಯ ಸಾಲಿನಲ್ಲೂ, ಅದೇ ಎತ್ತರಕ್ಕೆ.
ಸ್ಕೇಲ್ ಇಟ್ಟೆ. ಒಂದು ಎಳೆಯೂ ಆಚೀಚೆ ಇಲ್ಲ.
ಡೆಕ್ಸಾಮೆಥಾಸೋನ್, ಪೈಕೆಮ್ ಅಮ್ಮ.
ಅದು ಯಾವ ಬೇರಿನಲ್ಲೂ ಬೆಳೆಯುವುದಿಲ್ಲ.

ಇನ್ನೊಮ್ಮೆ ಓಡಿಸಿದೆ, ಬೇರೆ ದ್ರಾವಣದಲ್ಲಿ.
ದೊಡ್ಡ ಯಂತ್ರಕ್ಕೂ ಹಾಕಿದೆ. ಅದು ಅರ್ಧ ಗಂಟೆ ಗುನುಗಿ
ಅದೇ ನಿಮಿಷಕ್ಕೆ ಅದೇ ಶಿಖರ ಎಬ್ಬಿಸಿತು.
ಕಾರ್ಮಿನ್‌ನ ಮುಖ ನೆನಪಾಯಿತು:
ಎರಡು ವರ್ಷದಲ್ಲಿ ಚಂದ್ರನಂತೆ ಊದಿದ್ದು,
ಮೈ ತುಂಬಿಕೊಂಡನೆಂದು ಕೇರಿಯೆಲ್ಲ ಹೊಗಳಿದ್ದು,
ಬುಟ್ಟಿ ತಾಗಿದರೂ ತೋಳು ನೀಲಿಗಟ್ಟುತ್ತಿದ್ದುದು.

ಸಂಜೆ ನಿನ್ನ ಮನೆಗೆ ಬಂದೆ, ವರದಿ ಚೀಲದಲ್ಲಿ.
ಒರಳ ಮುಂದೆ ಕೂತಿದ್ದೆ ನೀನು.
"ಪೊಟ್ಟಣ ಯಾರದು?"
"ಬೈಕಿನ ಹುಡುಗ ತಂದುಕೊಡುತ್ತಾನೆ, ಬೇರಿನ ಪುಡಿ ಅಂದ.
ನನಗೂ ಮೂಗಿದೆ ಮಗಾ.
ಬೇರಿನ ವಾಸನೆ ಇರಲಿಲ್ಲ ಅದಕ್ಕೆ."
ಕುಟ್ಟುವುದು ನಿಂತಿತು.
"ನನ್ನ ಕಹಿಗೆ ಹದಿನೈದು ದಿನ ಬೇಕು ನೋವು ಇಳಿಸಲು.
ಹಡಗು ಹದಿನೈದು ದಿನ ಕಾಯುತ್ತದಾ?"

ನನ್ನ ಬಿಲ್ಲೆಯಲ್ಲಿ ಈ ಮಾತಿಗೆ ಸಾಲಿರಲಿಲ್ಲ.
ಹೇಳಬೇಕಾದ್ದು ಹೇಳಿದೆ: ಅವನು ಒಮ್ಮೆಲೇ ನಿಲ್ಲಿಸಬಾರದು,
ಆಸ್ಪತ್ರೆಗೆ ಹೋಗಲಿ. ನಾಳೆ ಇನ್‌ಸ್ಪೆಕ್ಟರು ಬರುತ್ತಾರೆ.
ನೀನು ಮೂಲೆಯ ಸೀಸೆ ಬಗ್ಗಿಸಿ ಒಂದು ಲೋಟ ಮುಂದಿಟ್ಟೆ.
ಕಹಿಬಳ್ಳಿ. ಬೆಲ್ಲ ಹಾಕಿರಲಿಲ್ಲ.
ತಳದವರೆಗೂ ಕುಡಿದೆ.

"ಆ ಔಷಧಿ, ಅಂಗಡಿಯಲ್ಲಿ ಎಷ್ಟು?"
"ಮಾತ್ರೆಯೊಂದಕ್ಕೆ ಮುನ್ನೂರು ರುಪಿಯಾ."
ನಿನ್ನ ಒಂದು ಲೋಟಕ್ಕೆ ಮೂರು ಸಾವಿರ.
ಲೆಕ್ಕ ನಮ್ಮಿಬ್ಬರಿಗೂ ಬರುತ್ತಿತ್ತು. ಯಾರೂ ಮಾಡಲಿಲ್ಲ.
ಲೋಟ ತೊಳೆಯಲು ಎದ್ದೆ ನೀನು,
ಮಂಡಿ ಹಿಡಿದುಕೊಂಡು.